ದಮ್ಮು ಬರೋದು ಧೂಳಿಂದಲೋ, ಹೃದಯದ ಸ್ನಾಯುವಿಂದಲೋ?

ಬೆಳಗಾವಿ: ರವಿವಾರ ಪೇಟೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಗಾದಿ ಮೇಲೆ ಕೂರುವ ವ್ಯಾಪಾರಿಗಳಿಗೆ ಕಾಲು ಬಾತರೆ ‘ಕೂತು ಕೂತು ಹಿಂಗಾಗೈತಿ’ ಅನ್ನೋದು ರೂಢಿ. ಮೆಟ್ಟಿಲು ಹತ್ತುವಾಗ ದಮ್ಮು ಬಂದರೆ ಖಾರದಪುಡಿ, ಧೂಳಿನ ಮೇಲೆ ಹಾಕುತ್ತಾರೆ. ಎಷ್ಟೋ ಸಲ ಅದು ಖರೇನೂ ಇರುತ್ತದೆ. ಆದರೆ ಎರಡೂ ಒಟ್ಟಿಗೆ ಬಂದು, ರಾತ್ರಿ ಎರಡು ದಿಂಬಿಲ್ಲದೆ ಮಲಗಲು ಆಗದಿದ್ದರೆ, ಹೃದಯದ ಸ್ನಾಯು ಸೋಲುತ್ತಿರುವ ಸೂಚನೆ ಇರಬಹುದು. ಈ ಸ್ನಾಯು ರೋಗಕ್ಕೆ ವೈದ್ಯರು ಕಾರ್ಡಿಯೋಮಯೋಪಥಿ ಎನ್ನುತ್ತಾರೆ.

ಹಾರ್ಟ್ ಅಟ್ಯಾಕ್ ಬೇರೆ, ಇದು ಬೇರೆ

ಹಾರ್ಟ್ ಅಟ್ಯಾಕ್‌ನಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಇಲ್ಲಿ ಸ್ನಾಯುವೇ ಹಿಗ್ಗಿ ಸಡಿಲವಾಗುತ್ತದೆ, ದಪ್ಪವಾಗುತ್ತದೆ ಇಲ್ಲವೇ ಬಿರುಸಾಗುತ್ತದೆ. ವರ್ಷಗಟ್ಟಲೆ ಕುಡಿತ, ಹತೋಟಿಯಲ್ಲಿಲ್ಲದ ಬಿಪಿ ಮತ್ತು ಸಕ್ಕರೆ ಕಾಯಿಲೆ, ವೈರಸ್ ಸೋಂಕು, ಥೈರಾಯ್ಡ್ ತೊಂದರೆ ಸ್ನಾಯುವನ್ನು ಕೆಡಿಸಬಲ್ಲವು. ಕೆಲವು ಬಾಣಂತಿಯರಲ್ಲೂ ಕಾಣಿಸಿಕೊಳ್ಳುತ್ತದೆ.

ಕೆಲವರಿಗೆ ಇದು ವಂಶದಿಂದ ಬರುತ್ತದೆ. ಭಾರತೀಯರಲ್ಲಿ ಸುಮಾರು 100ಕ್ಕೆ 4 ಜನರಲ್ಲಿ ಹೃದಯ ಸ್ನಾಯುವಿನ ಒಂದು ಜೀನ್ ದೋಷ ಇದೆ ಎಂದು 2009ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ದೋಷ ಇದ್ದವರಿಗೆಲ್ಲ ರೋಗ ಬರುವುದಿಲ್ಲ. ಆದರೂ ಮನೆತನದಲ್ಲಿ ಸಣ್ಣ ವಯಸ್ಸಿನವರು ದಿಢೀರ್ ತೀರಿಕೊಂಡಿದ್ದರೆ ಉಳಿದವರು ಇಸಿಜಿ, ಎಕೋ ಮಾಡಿಸುವುದು ಒಳ್ಳೆಯದು.

ಗುಳಿಗೆ, ಪುಡಿ ನುಂಗಿದರೆ ತಪ್ಪುತ್ತದೆಯೇ?

ಕೊರತೆ ಇದ್ದವರಿಗೆ ಮಾತ್ರ ಗುಣ. ಚೀನಾದ ಕೆಶಾನ್ ಪ್ರದೇಶದ ಹೃದಯ ಸ್ನಾಯು ರೋಗಕ್ಕೆ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ ಇದ್ದದ್ದು ದೊಡ್ಡ ಕಾರಣವಾಗಿತ್ತು. ಅದನ್ನು ಕೊಟ್ಟಾಗ ರೋಗ ತಗ್ಗಿತು. ಪಾಲಿಶ್ ಅಕ್ಕಿಯನ್ನೇ ನೆಚ್ಚಿದವರಲ್ಲಿ, ವಿಪರೀತ ಕುಡಿಯುವವರಲ್ಲಿ ಬಿ1 ಜೀವಸತ್ವ ಕಡಿಮೆಯಾಗಿ ಹೃದಯ ಸೋಲುವುದುಂಟು. ಅದಕ್ಕೂ ಬಿ1 ಕೊಟ್ಟರೆ ಚೇತರಿಕೆ ಇದೆ. ಕೊರತೆಯೇ ಇಲ್ಲದವರು ಮೀನೆಣ್ಣೆ, ಕೋಕ್ಯೂ10 ನುಂಗಿದರೆ ಈ ರೋಗ ತಡೆಯಬಹುದು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಮೀನೆಣ್ಣೆಯ ಡೋಸ್ ಹೆಚ್ಚಾದರೆ ಹೃದಯ ಬಡಿತವೇ ಏರುಪೇರಾಗಬಹುದು. ಡಾಕ್ಟರ್ ಬರೆದ ಬಿಪಿ ಗುಳಿಗೆ ಬಿಟ್ಟು ಇವನ್ನು ಹಿಡಿಯೋದಂತೂ ಅಪಾಯ.

ಅಂಗಡಿಯಲ್ಲೇ ಮಾಡಬಹುದಾದದ್ದು

* ದಿನಕ್ಕೆ ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದೊಳಗೆ ಇರಲಿ. ಹಪ್ಪಳ, ಉಪ್ಪಿನಕಾಯಿ, ಫರಸಾಣದ ಉಪ್ಪೂ ಇದರಲ್ಲೇ ಲೆಕ್ಕ.
* ವಾರಕ್ಕೆ 150 ನಿಮಿಷ ಚುರುಕು ನಡಿಗೆ. ಗಾದಿಯಿಂದ ತಾಸಿಗೊಮ್ಮೆ ಏಳಿ.
* ಗುಟ್ಕಾ, ಬೀಡಿ, ಸಾರಾಯಿ ಬಿಡಿ.
* 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಖಾನಾಪುರದ ಹಳ್ಳಿಗಳವರೂ ಹತ್ತಿರದ ಕೇಂದ್ರದಲ್ಲೇ ಮಾಡಿಸಬಹುದು.

ಕಾಲು ಬಾವು, ದಮ್ಮು ಕಂಡರೆ ‘ಸೀಸನ್ ಮುಗೀಲಿ’ ಅಂತ ತಡ ಮಾಡಬೇಡಿ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ ಕೂಡಲೇ 108ಕ್ಕೆ ಕರೆ ಮಾಡಿ.