ಇಪ್ಪತ್ತು ಅಡಿ ಹಿಂದಿನ ದನಿ
ಹಾಡು ಸೂಪರ್ ಹಿಟ್. ಹಾಡಿದವರ ಹೆಸರೇ ಇಲ್ಲ!

1962ರಲ್ಲಿ ಅಮೆರಿಕದಲ್ಲಿ ‘ಹೀಸ್ ಎ ರೆಬೆಲ್’ ಹಾಡು ನಂಬರ್ ಒನ್ ಆಯಿತು. ರೆಕಾರ್ಡಿನ ಮೇಲೆ ‘ದಿ ಕ್ರಿಸ್ಟಲ್ಸ್’ ತಂಡದ ಹೆಸರಿತ್ತು. ಹಾಡಿದ್ದು ಮಾತ್ರ ಕೋರಸ್ ಗಾಯಕಿ ಡಾರ್ಲೀನ್ ಲವ್. ಮುಂದೆ ಅವರು ಹೊಟ್ಟೆಪಾಡಿಗೆ ಮನೆಗೆಲಸಕ್ಕೂ ಹೋದರು. ಒಂದು ದಿನ ಯಾರದೋ ಮನೆಯ ಬಚ್ಚಲು ತೊಳೆಯುತ್ತಿದ್ದಾಗ ರೇಡಿಯೋದಲ್ಲಿ ಬಂದದ್ದು ಅವರದೇ ಹಾಡು!

ಇಂಥ ಕೋರಸ್ ಗಾಯಕಿಯರ ಕಥೆಯೇ 2013ರ ಸಾಕ್ಷ್ಯಚಿತ್ರ ‘ಟ್ವೆಂಟಿ ಫೀಟ್ ಫ್ರಮ್ ಸ್ಟಾರ್‌ಡಮ್’. ಇವರಲ್ಲಿ ಹೆಚ್ಚಿನವರು ಕಪ್ಪು ಮಹಿಳೆಯರು. ರೋಲಿಂಗ್ ಸ್ಟೋನ್ಸ್ ಬ್ಯಾಂಡ್‌ಗಾಗಿ ನಡುರಾತ್ರಿ ಹಾಡಿದಾಗ ಇವರಲ್ಲೊಬ್ಬರಾದ ಮೆರಿ ಕ್ಲೇಟನ್ ಗರ್ಭಿಣಿ. ನಿರ್ದೇಶಕ ಮಾರ್ಗನ್ ನೆವಿಲ್ ಇಲ್ಲಿ ಸ್ಟಾರ್‌ಗಳನ್ನು ಪಕ್ಕಕ್ಕೆ ಕೂರಿಸಿ, ಈ ಗಾಯಕಿಯರನ್ನು ನಡುವೆ ನಿಲ್ಲಿಸಿದರು.

2014ರಲ್ಲಿ ಚಿತ್ರಕ್ಕೆ ಆಸ್ಕರ್. ಆ ವೇದಿಕೆಯಲ್ಲಿ ಡಾರ್ಲೀನ್ ಲವ್ ಹಾಡಿದರು, ಈ ಸಲ ಮುಂದೆ ನಿಂತು.

ಇನ್ನು ಹಾಡು ಕೇಳುವಾಗ ಕೋರಸ್‌ಗೂ ಒಂಚೂರು ಕಿವಿಗೊಡಿ.