ಪ್ರಾಜೆಕ್ಟ್ ಯಾರದು, ಪ್ರಶ್ನೆ ಯಾರದು?

ಸಂಜೆ ಶಾಲೆ ಬಿಟ್ಟ ಹೊತ್ತಿಗೆ ಸಾರಕ್ಕಿ ಸಿಗ್ನಲ್ ಆಸುಪಾಸಿನ ಯಾವುದಾದರೊಂದು ಜೆರಾಕ್ಸ್ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು. "ಅಂಕಲ್, ಪೊಲ್ಯೂಷನ್ ಮೇಲೆ ಒಂದು ಪ್ರಾಜೆಕ್ಟ್ ಬೇಕು. ಇಂಗ್ಲಿಷಿನಲ್ಲಿ. ಹತ್ತು ಪೇಜು." ಅಂಗಡಿಯವರು ಕೇಳುವುದು ಎರಡೇ ಮಾತು: ಯಾವ ಕ್ಲಾಸು, ಕಲರ್ ಪ್ರಿಂಟ್ ಬೇಕೋ ಬೇಡವೋ. ಸ್ವಲ್ಪ ಹೊತ್ತಿಗೆಲ್ಲ ಸ್ಪೈರಲ್ ಬೈಂಡಿಂಗ್ ಆದ 'ಸಂಶೋಧನೆ' ಕೈಗೆ ಬರುತ್ತದೆ. ಅದರಲ್ಲಿ ವಿದ್ಯಾರ್ಥಿಯದು ಎನ್ನಬಹುದಾದದ್ದು ಹೆಸರು ಮತ್ತು ರೋಲ್ ನಂಬರ್ ಮಾತ್ರ.

ಇದನ್ನು ಕಂಡು ನಗುವ ಹಕ್ಕು ಈ ವರದಿಗಾರನಿಗಿಲ್ಲ. ಹತ್ತನೇ ತರಗತಿಯಲ್ಲಿ ನಾನು ಒಪ್ಪಿಸಿದ 'ಗ್ಲೋಬಲ್ ವಾರ್ಮಿಂಗ್' ಪ್ರಾಜೆಕ್ಟನ್ನು ಬರೆದುಕೊಟ್ಟವಳು ಅಕ್ಷರ ಮುದ್ದಾಗಿದ್ದ ನಮ್ಮಕ್ಕ. ಪೂರ್ತಿ ಅಂಕವೂ ಬಂತು.

ಪ್ರಾಜೆಕ್ಟ್ ಎಂಬುದು ಶಾಲೆಯೊಳಗೆ ಕಾಲಿಟ್ಟದ್ದು ಇದಕ್ಕಾಗಿ ಅಲ್ಲ. 1918ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಕಿಲ್‌ಪ್ಯಾಟ್ರಿಕ್ 'ಪ್ರಾಜೆಕ್ಟ್ ಪದ್ಧತಿ'ಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಮಗು ತಾನೇ ಮನಸ್ಸಿಟ್ಟು ಹಿಡಿದ ಕೆಲಸದಿಂದ ಕಲಿಯುವುದು ಹೆಚ್ಚು ಎಂಬುದೇ ಅದರ ತಿರುಳು. ನಮ್ಮಲ್ಲಿ 2014-15ರ ಸಾಲಿನಿಂದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಸ್‌ಎಸ್‌ಎಲ್‌ಸಿಗೂ ಬಂತು. ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವವರಿಗೆ ನೂರರಲ್ಲಿ 20, ಪ್ರಥಮ ಭಾಷೆಯಾಗಿ ಓದುವವರಿಗೆ 125ರಲ್ಲಿ 25 ಅಂಕ ಶಾಲೆಯೊಳಗಿನ ಚಟುವಟಿಕೆ, ಕಿರುಪರೀಕ್ಷೆಗಳಿಗೆ ಮೀಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅಂಕ ಬಂದಲ್ಲಿಗೆ ಅಂಗಡಿಯೂ ಬಂತು. ವಿಷಯ ಪಟ್ಟಿಯಿಂದ, ಉತ್ತರ ಇಂಟರ್ನೆಟ್ಟಿನಿಂದ. ಈಗಂತೂ ಮೊಬೈಲಿನ ಎಐ ನಿಮಿಷದೊಳಗೆ ಹತ್ತು ಪುಟ ಬರೆದುಕೊಡುತ್ತದೆ.

ವಿಷಯದ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟರೆ? ಹಾಗೆ ಬಿಟ್ಟು ನೋಡಿದ ಉದಾಹರಣೆಗಳುಂಟು. 1966ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗುಡ್ಡಗಾಡಿನ ಒಂದು ಹೈಸ್ಕೂಲಿನ ಇಂಗ್ಲಿಷ್ ತರಗತಿ ಪಠ್ಯದಲ್ಲಿ ಆಸಕ್ತಿಯನ್ನೇ ಕಳೆದುಕೊಂಡಿತ್ತು. ವಿದ್ಯಾರ್ಥಿಗಳೇ ಒಂದು ಪತ್ರಿಕೆ ಹೊರಡಿಸಲು ನಿಶ್ಚಯಿಸಿದರು. ಕತ್ತಲಲ್ಲಿ ಹೊಳೆಯುವ ಒಂದು ಶಿಲೀಂಧ್ರದ ಹೆಸರನ್ನೇ ಹಿಡಿದು 'ಫಾಕ್ಸ್‌ಫೈರ್' ಎಂದು ಕರೆದರು. ಊರಿನ ಅಜ್ಜ ಅಜ್ಜಿಯರ ಬಳಿ ಹೋಗಿ ಮರದ ಮನೆ ಕಟ್ಟುವ, ಮನೆಮದ್ದು ಮಾಡುವ ಬಗೆಯನ್ನು ಕೇಳಿ ಬರೆದರು. 1972ರಲ್ಲಿ ಆ ಬರಹಗಳು ಪುಸ್ತಕವಾಗಿ ಬಂದಾಗ ದೇಶವೇ ಓದಿತು. ನಮ್ಮಲ್ಲೂ 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ದಾರಿ ಇಂಥದೇ: ಮಕ್ಕಳ ಪುಟ್ಟ ಗುಂಪು ತನ್ನೂರಿನ ಒಂದು ಸಮಸ್ಯೆ ಹಿಡಿದು ತನ್ನ ಭಾಷೆಯಲ್ಲೇ ವರದಿ ಮಾಡುವುದು. ಆದರೆ ಅದು ವಿಜ್ಞಾನದ ಮಾತಾಯಿತು. ಇಂಗ್ಲಿಷ್ ಪಿರಿಯಡ್ಡಿಗೆ ಇದು ಹೊಂದೀತೆ?

ಸಾರಕ್ಕಿಯನ್ನೇ ನೋಡೋಣ. 'ಸಾರಕ್ಕಿ ಕೆರೆ' ಎಂದು ಮಗು ಆರಿಸಿಕೊಂಡಿತು ಎನ್ನಿ. ಅದು ವಿಷಯವಷ್ಟೇ, ಪ್ರಶ್ನೆಯಲ್ಲ; ಅದರ ಮೇಲೂ ಹತ್ತು ಪುಟ ಪ್ರಿಂಟ್ ತೆಗೆಸಬಹುದು. "ನಮ್ಮ ಬೀದಿಯ ಮಳೆನೀರು ಈ ಕೆರೆಗೆ ಸೇರುತ್ತದೆಯೇ?" ಎಂದರೆ ಪ್ರಶ್ನೆ. ಅದಕ್ಕೆ ಮಳೆ ಬಂದಾಗ ಹೊರಗೆ ಹೋಗಿ ನಿಲ್ಲಬೇಕು. "ಅಲ್ಲಿ ಮನೆಗಳಿದ್ದವಂತೆ, ಏನಾದವು?" ಎಂಬುದೂ ಪ್ರಶ್ನೆಯೇ. 82 ಎಕರೆಗೂ ಹೆಚ್ಚಿನ ಈ ಕೆರೆಯಲ್ಲಿ 30 ಎಕರೆಗೂ ಮಿಕ್ಕಿ ಒತ್ತುವರಿಯಾಗಿತ್ತು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿಗಳನ್ನು ತಂದು ಅದನ್ನು ತೆರವುಗೊಳಿಸಿತು. ಇಂದಿನ ಹೈಸ್ಕೂಲು ಮಕ್ಕಳು ಆಗ ಅಂಗನವಾಡಿಗೆ ಹೋಗುವಷ್ಟು ಚಿಕ್ಕವರು. ಅವರಿಗೆ ಇದು ಚರಿತ್ರೆ, ಅಪ್ಪ ಅಮ್ಮಂದಿರಿಗೆ ಕಣ್ಣಾರೆ ಕಂಡದ್ದು. ಕೆರೆ ಉಳಿಯಿತೆಂದು ಒಬ್ಬರು ಹೇಳಿದರೆ, ಸಾಲ ಮಾಡಿ ಕೊಂಡ ಮನೆ ಹೋಯಿತೆಂದು ಇನ್ನೊಬ್ಬರು ಹೇಳಬಹುದು. ಎರಡನ್ನೂ ಬರೆದುಕೊಂಡು, ಹಳೆಯ ಪತ್ರಿಕೆ, ಗ್ರಾಮನಕ್ಷೆಗಳ ಜೊತೆ ಇಟ್ಟು ನೋಡುವುದೇ ಸಂಶೋಧನೆ.

ಇಂಗ್ಲಿಷ್ ಪಾಠ ಶುರುವಾಗುವುದು ಇದಾದ ಮೇಲೆ. ಹಳಬರಾದ ಅಜ್ಜಿಯನ್ನು ಮಾತಾಡಿಸಿದರೆ ಕೋಡಿ, ತೂಬು, ರಾಜಕಾಲುವೆ, ಕೆರೆಯಂಗಳ ಎಂಬ ಮಾತುಗಳು ಬರುತ್ತವೆ. ಇವನ್ನು ಇಂಗ್ಲಿಷಿಗೆ ತರುವುದು ಹೇಗೆ? ಕೆರೆ ಎಂಬ ಮೊದಲ ಪದದಲ್ಲೇ ತೊಡಕು. ಬ್ರಿಟಿಷರ ಕಾಲದ ಬರಹಗಳಲ್ಲಿ ಅದು 'ಟ್ಯಾಂಕ್', ಇಂದಿನ ಬೋರ್ಡುಗಳಲ್ಲಿ 'ಲೇಕ್'. ಇಂದಿನ ಹುಡುಗನಿಗೆ ಟ್ಯಾಂಕ್ ಎಂದರೆ ತಾರಸಿಯ ಮೇಲಿನ ಕಪ್ಪು ಡ್ರಮ್ಮು. ಲೇಕ್ ಎಂದರೆ ತಾನಾಗಿಯೇ ಆದ ಸರೋವರ ಎಂಬ ಭಾವನೆ ಬರುತ್ತದೆ. ಜನ ಕಟ್ಟೆ ಕಟ್ಟಿ, ತೂಬು ಇಟ್ಟು, ಗದ್ದೆಗೆ ನೀರು ಬಿಟ್ಟರು ಎಂಬುದೇ ಮರೆಯಾಗುತ್ತದೆ. ಯಾವ ಪದ ಹಾಕಿದೆ, ಏಕೆ ಹಾಕಿದೆ ಎಂದು ವಿದ್ಯಾರ್ಥಿ ನಾಲ್ಕು ವಾಕ್ಯ ಬರೆದರೆ, ವ್ಯಾಕರಣದ ತಪ್ಪು ನಾಲ್ಕಿದ್ದರೂ, ಅಷ್ಟು ಇಂಗ್ಲಿಷನ್ನು ಅವನು ಸ್ವಂತಕ್ಕೆ ಕಲಿತ ಹಾಗೆ. ಮನೆಯಲ್ಲಿ ಇಂಗ್ಲಿಷ್ ಇಲ್ಲದ ಮಗು ಇಲ್ಲಿ ಹಿಂದೆ ಬೀಳುವುದಿಲ್ಲ. ಅಜ್ಜಿಯ ಮಾತು ಪೂರ್ತಿ ಗೊತ್ತಿರುವುದು ಅದಕ್ಕೇ.

ಕೆರೆಯೇ ಆಗಬೇಕೆಂದೇನಿಲ್ಲ. 2017ರಲ್ಲಿ ಮೆಟ್ರೊ ಬಂದಾಗ ಇಲ್ಲಿನ ನಿಲ್ದಾಣಕ್ಕೆ ಜಯಪ್ರಕಾಶ ನಗರ ಎಂಬ ಹೆಸರಾಯಿತು. ಹಾಗಿದ್ದರೂ ಸಾರಕ್ಕಿ ಎಂದೇ ಹೇಳುವವರು ಯಾರು? ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು. ನಮ್ಮ ಬೀದಿಯಲ್ಲಿ ಎಷ್ಟು ಬೋರ್ಡುಗಳು ಹಾಗಿವೆ? ಎಣಿಸಲು ಒಂದು ಭಾನುವಾರ ಸಾಕು.

ಆಯ್ಕೆ ಕೊಟ್ಟರೆ ಮೇಷ್ಟ್ರ ಕೆಲಸ ಕಡಿಮೆಯಾಗುತ್ತದೆಂದು ತಿಳಿಯಬೇಡಿ. ತರಗತಿ ತುಂಬ ಮಕ್ಕಳು, ಮುಗಿಸಬೇಕಾದ ಪೋರ್ಷನ್, ಒಬ್ಬೊಬ್ಬರದೂ ಬೇರೆ ಪ್ರಶ್ನೆ. ಯಾವುದಕ್ಕೂ ಸಿದ್ಧ ಉತ್ತರವಿಲ್ಲ. ಅಮೆರಿಕದ ಇಂಗ್ಲಿಷ್ ಅಧ್ಯಾಪಕ ಕೆನ್ ಮ್ಯಾಕ್ರೊರಿ 1980ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಉಪಾಯವಿದೆ. ಫಲಿತಾಂಶ ಮಾತ್ರವಲ್ಲ, ಹುಡುಕಾಟದ ಕಥೆಯನ್ನೇ ಬರೆಸಿ ಎಂದರು ಅವರು: ಮೊದಲು ನನಗೆ ಗೊತ್ತಿದ್ದದ್ದು ಏನು, ಏಕೆ ತಿಳಿಯಬೇಕೆನಿಸಿತು, ಯಾರನ್ನು ಕೇಳಿದೆ, ಎಲ್ಲಿ ದಾರಿ ತಪ್ಪಿದೆ, ಕೊನೆಗೆ ಏನು ಸಿಕ್ಕಿತು. ಇದನ್ನು ಜೆರಾಕ್ಸ್ ಅಂಗಡಿ ಕೊಡಲಾರದು. ಎಐ ಬೇಕಾದರೆ ಕಟ್ಟಿ ಹೇಳೀತು. ಆದರೆ "ಆ ಅಜ್ಜಿ ಎಲ್ಲಿ ಕೂತಿದ್ದರು, ನೀನು ಕೇಳಿದ್ದಕ್ಕೆ ಬೈದರೇ?" ಎಂದು ಮೇಷ್ಟ್ರು ಕೇಳಿದರೆ ಹುಡುಗ ಸಿಕ್ಕಿಬೀಳುತ್ತಾನೆ.

ಹೊಸದಾಗಿ ಶುರುಮಾಡುವವರಿಗೆ ಒಂದು ಪ್ರಶ್ನೆ: ಸಾರಕ್ಕಿಗೆ ಆ ಹೆಸರು ಹೇಗೆ ಬಂತು? ಮೂವರನ್ನು ಕೇಳಿದರೆ ಮೂರು ಉತ್ತರ ಬಂದರೂ ಬರಬಹುದು. ಬೆಂಗಳೂರು ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿವೆ, ಕಿಟೆಲ್ ನಿಘಂಟು ಗ್ರಂಥಾಲಯದಲ್ಲಿ ಸಿಗುತ್ತದೆ. ಜೆರಾಕ್ಸ್ ಅಂಗಡಿಯವರನ್ನೂ ಕೇಳಬಹುದು. ಅವರು ಇಲ್ಲಿಯ ಹಳಬರೇ ಇರಬಹುದು.