ಅಂಚೆಚೀಟಿಯ ಬೆನ್ನು ನೋಡಿದ್ದೀರಾ?

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿಯ ಎಷ್ಟೋ ಮನೆಗಳ ಅಟ್ಟದಲ್ಲಿ ಕೆನಡಾದಿಂದ ಬಂದ ಹಳೆಯ ಲಕೋಟೆಗಳ ಕಟ್ಟು ಇರುತ್ತದೆ. ಟೊರಾಂಟೊದಲ್ಲಿ ನೆಲೆಸಿದ ಮಗನೋ ತಂಗಿಯೋ ಬರೆದ ಕಾಗದಗಳು. ಮೇಲಿನ ರಾಣಿ ಎಲಿಜಬೆತ್ ಚಿತ್ರ ನೋಡಿ, "ಎಲ್ಲಾ ಒಂದೇ ಸ್ಟ್ಯಾಂಪು, ಒಂದಿಟ್ಟುಕೊಂಡು ಉಳಿದದ್ದನ್ನು ಮಕ್ಕಳಿಗೆ ಕೊಟ್ಟರಾಯಿತು" ಅನ್ನುವವರೇ ಹೆಚ್ಚು. ಮೊದಲ ತಪ್ಪು ಕಲ್ಪನೆ ಇದೇ.

1967ರ ಫೆಬ್ರವರಿ 8ರಂದು ಕೆನಡಾ ತನ್ನ ಒಕ್ಕೂಟದ ಶತಮಾನೋತ್ಸವದ ಸರಣಿಯನ್ನು ಹೊರತಂದಿತು. ಅದು ಹಲವು ವರ್ಷ ಅಚ್ಚಾಗುತ್ತಲೇ ಇತ್ತು. ಚಿತ್ರ ಅದೇ, ಬೆಲೆಯೂ ಅದೇ. ಆದರೆ ನಡುವೆ ಕಾಗದ ಬದಲಾಯಿತು, ಅಂಟೂ ಬದಲಾಯಿತು. ನಮ್ಮಲ್ಲೂ ಹೀಗೇ ಆಗಿದೆ. 1957ರಲ್ಲಿ ನಯಾ ಪೈಸೆ ಬಂದಾಗ ಹೊರಟ ಭಾರತದ ಭೂಪಟದ ಚೀಟಿಗಳ ಕಾಗದದಲ್ಲಿ ನಕ್ಷತ್ರದ ನೀರುಗುರುತಿತ್ತು; 1958ರಿಂದ ಅದೇ ಭೂಪಟ ಅಶೋಕ ಸ್ತಂಭದ ನೀರುಗುರುತಿನ ಕಾಗದದಲ್ಲಿ ಬಂತು. ಮುಖ ನೋಡಿದರೆ ಎರಡೂ ಒಂದೇ. ಸಂಗ್ರಾಹಕರಿಗೆ ಅವು ಬೇರೆ ಬೇರೆ ಚೀಟಿಗಳು.

"ಅಂಟು ಹಳದಿಯಾಗಿದೆ, ಚೀಟಿ ಕೆಟ್ಟುಹೋಗಿದೆ" ಎಂಬ ಮಾತನ್ನೂ ಕೇಳುತ್ತೇವೆ. ಬಳಸದ ಚೀಟಿಯನ್ನು ಮಗುಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ತುಸು ಹಳದಿ ಛಾಯೆಯಿದ್ದು ಮೆರುಗು ಕೊಟ್ಟಂತೆ ಹೊಳೆದರೆ ಅದು ಪಿಷ್ಟದಿಂದ ಮಾಡುವ ಡೆಕ್ಸ್ಟ್ರಿನ್ ಅಂಟು. ಹೊಳಪಿಲ್ಲದೆ, ಅಂಟು ಇದೆಯೋ ಇಲ್ಲವೋ ಎಂಬಷ್ಟು ಮಂಕಾಗಿದ್ದರೆ ಪಿವಿಎ ಎಂಬ ಕೃತಕ ಅಂಟು. ಹಳದಿ ಅನ್ನುವುದು ಮೊದಲನೆಯದರ ಹುಟ್ಟುಗುಣ. ಕೆಟ್ಟಿದೆ ಎನ್ನಬೇಕಾದದ್ದು ಅಲ್ಲಲ್ಲಿ ಕಂದು ಚುಕ್ಕಿ ಕಂಡಾಗ. ಅದು ಬೂಷ್ಟು, ನಮ್ಮ ಮಳೆಗಾಲದ ತೇವದ ಕೆಲಸ. ಅಂಟೇ ಇಲ್ಲದ್ದನ್ನೆಲ್ಲ ದೋಷವೆಂದು ತಳ್ಳುವುದೂ ಸರಿಯಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಜಪಾನು ಎಷ್ಟೋ ಚೀಟಿಗಳನ್ನು ಅಂಟಿಲ್ಲದೆಯೇ ಹೊರತಂದಿತ್ತು.

ಅಂಟಿದ್ದರೆ ಅಸಲಿ ಎಂಬ ನಂಬಿಕೆಯಂತೂ ದುಬಾರಿ. ಹಳೆಯ ಚೀಟಿಗೆ ಹೊಸ ಅಂಟು ಬಳಿದು ಮಾರುವವರಿದ್ದಾರೆ. ಹಾಳೆಗೆ ಮೊದಲು ಅಂಟು, ಆಮೇಲೆ ರಂಧ್ರ. ಹಾಗಾಗಿ ಅಸಲಿ ಚೀಟಿಯನ್ನು ಹರಿದಾಗ ಹಲ್ಲುಗಳ ತುದಿಯಲ್ಲಿ ಕಾಗದದ ಎಳೆಗಳು ಮೃದುವಾಗಿ, ಒಣಗಿಯೇ ಇರುತ್ತವೆ. ಆಮೇಲೆ ಬಳಿದ ಅಂಟು ಆ ಎಳೆಗಳಿಗೂ ಹತ್ತಿ ಗಟ್ಟಿಯಾಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ, ಬೆರಳ ತುದಿಯಿಂದ ಹಗುರವಾಗಿ ಸವರಿದರೆ ಗೊತ್ತಾಗುತ್ತದೆ.

ಇನ್ನು ದೀಪದ ವಿಷಯ. ಎಸ್.ಪಿ. ರಸ್ತೆಯಲ್ಲಿ ಸಿಗುವ, ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಕೆಲವು ಕೆನಡಾ ಚೀಟಿಗಳ ಕಾಗದ ಮಂಕಾಗಿರುತ್ತದೆ, ಕೆಲವು ನೀಲಿಬಿಳುಪಾಗಿ ಝಗ್ಗೆನ್ನುತ್ತವೆ. ಕಾಗದಕ್ಕೆ ಬೆರೆಸಿದ ಬಿಳುಪುಕಾರಕ ಅದಕ್ಕೆ ಕಾರಣ. ಅತಿ ಹೆಚ್ಚು ಹೊಳೆಯುವುದನ್ನು ಹೈಬ್ರೈಟ್ ಅನ್ನುತ್ತಾರೆ. "ಹೊಳೆದರೆ ಅಪರೂಪದ್ದು" ಎಂದು ಹಿಗ್ಗುವ ಮೊದಲು ಒಂದು ಅನುಮಾನ ಇಟ್ಟುಕೊಳ್ಳಬೇಕು. ಬಿಳಿ ಲಕೋಟೆಯ ತುಂಡುಗಳ ಜೊತೆ ಒಂದೇ ಬೋಗುಣಿಯಲ್ಲಿ ನೆನೆದ ಚೀಟಿ ಆ ಬಿಳುಪುಕಾರಕವನ್ನು ಹೀರಿಕೊಂಡೂ ಹೊಳೆಯಬಲ್ಲದು. ಅಂಚೆಯ ಯಂತ್ರ ಚೀಟಿಯನ್ನು ಗುರುತಿಸಲೆಂದು ಕೆನಡಾ 1970ರ ದಶಕದ ಆರಂಭದಲ್ಲಿ ಚೀಟಿಯ ಮೇಲಿನ ಪಟ್ಟಿಗೆ ಬಳಸಿದ ಓಪಿ-4 ಎಂಬ ರಾಸಾಯನಿಕವಂತೂ ಪಕ್ಕದ ಚೀಟಿಗೆ, ಆಲ್ಬಮ್ಮಿನ ಹಾಳೆಗೂ ಹರಡುತ್ತದೆ. ಆ ಕಾರಣಕ್ಕೇ ಅದನ್ನು ಕೈಬಿಟ್ಟು ಓಪಿ-2ಕ್ಕೆ ಹೋದರು. ಅಂಥ ಚೀಟಿಗಳನ್ನು ಬೇರೆಯಾಗಿಯೇ ಇಡಿ.

ಕೊನೆಗೆ, ನೀರಿನಲ್ಲಿ ನೆನೆಸಿದರೆ ಯಾವ ಚೀಟಿಯಾದರೂ ಬಿಡುತ್ತದೆ ಎಂಬ ಭರವಸೆ. ಈಚಿನ ಅನೇಕ ಕೆನಡಾ ಸ್ವಯಂ ಅಂಟು ಚೀಟಿಗಳು ಬಿಡುವುದಿಲ್ಲ, ಎಳೆದರೆ ಕಾಗದವೇ ಸೀಳುತ್ತದೆ. ಸುತ್ತ ಒಂದಿಷ್ಟು ಅಂಚು ಬಿಟ್ಟು ಕತ್ತರಿಸಿಡುವುದೇ ಲೇಸು. ಹಳೆಯ ಲಕೋಟೆಯಾದರೆ ಕತ್ತರಿಯನ್ನೂ ತರಬೇಡಿ. ಮುದ್ರೆಯಲ್ಲಿ ತಾರೀಖು ಸ್ಪಷ್ಟವಾಗಿದ್ದರೆ, ಆ ಕಾಗದ ಯಾವ ಹೊತ್ತಿಗಾಗಲೇ ಬಳಕೆಯಲ್ಲಿತ್ತು ಎಂಬುದಕ್ಕೆ ಆ ಲಕೋಟೆಯೇ ಸಾಕ್ಷಿ. ಅಟ್ಟದ ಕಟ್ಟು ಬಿಚ್ಚುವ ದಿನ ಬೋಗುಣಿಗೆ ನೀರು ತುಂಬಬೇಡಿ. ಮೊದಲು ಲಕೋಟೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ.